ಅಳಿಸುವ ಹೊತ್ತು

ಕಾಲು ಎತ್ತಿ ಮೇಡಂ, ಅಂದಳು ನೆಲ ಒರೆಸುವವಳು, ಎತ್ತಿದೆ, ಎಡ ಮಂಡಿ ಲಟಕ್ಕೆಂದಿತು, ಅವಳಿಗೂ ಕೇಳಿಸಿರಬೇಕು, ನಂದೂ ಹಂಗೇ ಮೇಡಂ, ಅಂತ ನಕ್ಕು ಬಕೆಟ್ಟು ತಳ್ಳಿಕೊಂಡು ಮುಂದಿನ ಕೋಣೆಗೆ ಹೋದಳು, ಫಿನಾಯಿಲಿನ ವಾಸನೆ ಮಾತ್ರ ಬೆಂಚಿನ ಕೆಳಗೆ ಉಳಿಯಿತು, ಹನ್ನೊಂದೂಕಾಲು, ಇನ್ನು ಮುಕ್ಕಾಲು ಗಂಟೆ, ಬಾಗಿಲು ಅರ್ಧ ತೆರೆದಿದೆ, ಸಂದಿಯಲ್ಲಿ ಶಂಕ್ರವ್ವನ ಎಡಗೈ, ಎಣ್ಣೆ ಹಚ್ಚಿ ಬಿಗಿದ ಒಂದು ಜಡೆ, ಅಷ್ಟೇ ಕಾಣುತ್ತದೆ, ಬಲಗೈ ಬರೆಯುತ್ತಿದೆಯೋ ಇಲ್ಲವೋ ಇಲ್ಲಿಂದ ತಿಳಿಯುವುದಿಲ್ಲ, ಪೆನ್ನಲ್ಲೇ ಬರೀಬೇಕು ಕಣಮ್ಮ, ಅಂದಿದ್ದರು ವಾರಿಜಾ ಮೇಡಂ, ಈ ಶಾಲೆಯ ಹೆಡ್ಮಿಸ್, ತಮ್ಮದೇ ಇಂಕ್ ಪೆನ್ನು ಕೊಟ್ಟರು, ಹುಡುಗಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು, ತೀರ್ಥ ತೆಗೆದುಕೊಂಡ ಹಾಗೆ, ಮೂರು ವರ್ಷದಿಂದ ನನ್ನ ಹತ್ತಿರ ಕಲಿತ ಮಗು, ಹನ್ನೊಂದು ವಯಸ್ಸು, ಪೆನ್ನು ಹಿಡಿದದ್ದನ್ನು ನಾನು ನೋಡಿಯೇ ಇಲ್ಲ, ನೋಡಿಲ್ಲ ಅಂದರೆ ನಾನು ಕೊಟ್ಟಿಲ್ಲ, ನಾಳೆ ಭಾನುವಾರ ಲಾರಿ ಬರುತ್ತದೆ, ಗೊಟ್ಟಿಗೆರೆಯ ಅಪಾರ್ಟ್‌ಮೆಂಟು ಮುಗಿಯಿತು, ಶೆಡ್ಡುಗಳನ್ನು ಕಿತ್ತು ಹೊಸಕೋಟೆ ಕಡೆ ಹೊಸ ಕೆಲಸಕ್ಕೆ ಹೋಗುತ್ತಾರೆ, ಅವಳಪ್ಪ ಯಲ್ಲಯ್ಯ ಮೊನ್ನೆ ಸಿಮೆಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತ, ಇಲ್ಲಿ ಹಾಸ್ಟೆಲ್ ಸೀಟು ಸಿಕ್ರ ಬಿಟ್ಟು ಹೋಗ್ತೀನ್ರೀ ಅಕ್ಕಾರ, ಸಿಗಲಿಲ್ಲಂದ್ರ ಅಲ್ಲಿ ಸಣ್ಣ ಕೂಸು ನೋಡ್ಕೊಳ್ಳಾಕ ಒಬ್ರು ಬೇಕಲ್ರೀ, ಅಂದ, ಜಗಳ ಆಡುವ ದನಿಯಲ್ಲಲ್ಲ, ಹೊತ್ತು ಎಷ್ಟಾಯಿತು ಎಂದು ಹೇಳುವ ಹಾಗೆ.

ಬೆಳಿಗ್ಗೆ ಗೊಟ್ಟಿಗೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಶಂಕ್ರವ್ವ ಅಂಗಡಿ ಬೋರ್ಡುಗಳನ್ನು ಓದುತ್ತಲೇ ಬಂದಳು, ಟೀಚರ್ ರೀ, ಈ ಊರಾಗ ಮಂದೀಗಿಂತ ಹಲ್ಲಿನ ಡಾಕ್ಟರೇ ಜಾಸ್ತಿ ಅದಾರಲ್ರೀ, ಮುಂದಿನ ಸೀಟಿನ ಹೆಂಗಸು ತಿರುಗಿ ನಕ್ಕಳು, ನನಗೆ ನಗು ಬರಲಿಲ್ಲ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಉರಿ, ಇದೇ ಹುಡುಗಿ ಯಾದಗಿರಿ ಕಡೆಯಿಂದ ಅಪ್ಪ ಅಮ್ಮನ ಹಿಂದೆ ಬಂದ ವರ್ಷ ಸರ್ಕಾರಿ ಶಾಲೆಯ ಎರಡನೇ ಕ್ಲಾಸಿನಲ್ಲಿ ಕೊನೆಯ ಸಾಲಲ್ಲಿ ಕೂತು ಬೋರ್ಡಿನ ಮೇಲಿದ್ದದ್ದನ್ನೆಲ್ಲ ಮುದ್ದಾಗಿ ಇಳಿಸಿಕೊಳ್ಳುತ್ತಿದ್ದಳು, ಒಂದಕ್ಷರವೂ ಓದಲು ಬಾರದೆ, ರಂಗೋಲಿ ನೋಡಿ ರಂಗೋಲಿ ಹಾಕಿದ ಹಾಗೆ, ಅಲ್ಲಿನ ಟೀಚರಿಗೆ ಗೊತ್ತಾಗಲಿಲ್ಲ, ಅಷ್ಟೊಂದು ಮಕ್ಕಳಲ್ಲಿ ಯಾರಿಗೆ ಗೊತ್ತಾಗುತ್ತದೆ, ನಮ್ಮ ಕಲಿಕಾ ಕೇಂದ್ರಕ್ಕೆ ಬಂದ ಮೇಲೆ — ಕೇಂದ್ರ ಅಂದರೆ ದೊಡ್ಡ ಮಾತು, ಸಮುದಾಯ ಭವನದ ಹಿಂದಿನ ಕೋಣೆ, ಮದುವೆ ಇದ್ದ ದಿನ ಪಾತ್ರೆ ಇಡುವುದಕ್ಕೆ ಬಿಟ್ಟುಕೊಡಬೇಕು, ಒಂದು ಟ್ಯೂಬ್‌ಲೈಟು, ನಾಲ್ಕು ಚಾಪೆ, ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ನಾನು ಮಾಡಿದ್ದಾದರೂ ಏನು, ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು ಅಂತ ದಿನಾ ಕೇಳಿದೆ, ಶೆಡ್ಡಿನಲ್ಲಿ ಹಾಗೆ ಕೇಳುವವರಿಲ್ಲ, ಸಂಜೆ ಕೇಳುತ್ತಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಬೆಳಿಗ್ಗೆ ಕಿವಿಗೊಟ್ಟು ಕೂರತೊಡಗಿದವು, ರೊಟ್ಟಿ ಮುರಿದು ಭಿನ್ನರಾಶಿ ಮಾಡಿದೆವು, ಕಾಲು ರೊಟ್ಟಿ ಅರ್ಧ ರೊಟ್ಟಿಗಿಂತ ಸಣ್ಣದು ಅಂತ ಹಸಿದ ಮಗುವಿಗೆ ಹೇಳಿಕೊಡಬೇಕಾಗಿಲ್ಲ, ವರ್ಷದ ಕೊನೆಗೆ ಶಂಕ್ರವ್ವ ಕ್ಲಾಸಿನಲ್ಲಿ ಎದ್ದು ನಿಂತು ಇಡೀ ಪಾಠ ಓದಿದಳಂತೆ, ಆ ಟೀಚರೇ ಇನ್ನೂ ಐದು ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿದರು, ಇವರನ್ನೂ ಸ್ವಲ್ಪ ನೋಡಿ ಮೇಡಂ, ನಂಗಂತೂ ಸಾಕಾಗಿದೆ, ನನಗೂ ಸಾಕಾಗಿತ್ತು.

ಎಡಗೈ ಅಲ್ಲಾಡುತ್ತಿಲ್ಲ, ಅಂಗೈ ಹಾಳೆಯ ಮೇಲೆ ಚಪ್ಪಟೆಯಾಗಿ ಕೂತಿದೆ, ಈ ಕೈಯನ್ನೇ ನಾನು ಉಳಿದ ಮಕ್ಕಳಿಗೆ ತೋರಿಸುತ್ತಿದ್ದದ್ದು, ನೋಡ್ರೋ, ಶಂಕ್ರವ್ವನ ಥರ ಅಳಿಸ್ಬೇಕು, ಆರೂಕಾಲಾದರೆ ಅಳಿಸುವ ಹೊತ್ತು, ಮೊದಲ ವರ್ಷ ನಮಗೆ ಸಿಕ್ಕಿದ್ದು ಇಪ್ಪತ್ತು ನೋಟ್‌ಬುಕ್ಕು, ಮಕ್ಕಳು ಮೂವತ್ತು, ಶೆಡ್ಡಿಗೆ ಕಳಿಸಿದರೆ ಒಲೆಗೆ ಹೋಗುತ್ತದೆ, ಇಲ್ಲ ಮಳೆಗೆ ನೆನೆಯುತ್ತದೆ, ಹಾಗಾಗಿ ಪುಸ್ತಕವೆಲ್ಲ ಕೋಣೆಯ ಬೀರುವಿನಲ್ಲೇ, ಯಾವುದರ ಮೇಲೂ ಯಾರ ಹೆಸರೂ ಇಲ್ಲ, ಪೆನ್ಸಿಲ್ಲಿನಲ್ಲಿ ಬರೆಯುವುದು, ನಾನು ತಿದ್ದಿದ ಮೇಲೆ ಎಲ್ಲವನ್ನೂ ಅಳಿಸಿ, ರಬ್ಬರಿನ ಪುಡಿಯನ್ನು ಅಂಗೈಯಿಂದ ಗುಡಿಸಿ, ನಾಳೆ ಬರುವವರಿಗೆ ಬಿಳಿ ಹಾಳೆ ಬಿಟ್ಟು ಹೋಗುವುದು, ನನ್ನದೇ ಉಪಾಯ, ಆಮೇಲೆ ಪುಸ್ತಕ ಬೇಕಾದಷ್ಟು ಬಂದವು, ಆದರೂ ನಿಲ್ಲಿಸಲಿಲ್ಲ, ಕೇಂದ್ರ ನೋಡಲು ಬಂದವರಿಗೆ ಹೇಳುವುದಕ್ಕೆ ಚೆನ್ನಾಗಿತ್ತು, ಒಂದು ಬುಕ್ಕು ವರ್ಷಪೂರ್ತಿ ಬರುತ್ತೆ ಸಾರ್, ಮಕ್ಕಳಿಗೆ ಹಂಚ್ಕೊಳ್ಳೋದು ಗೊತ್ತಾಗುತ್ತೆ, ಅವರು ತಲೆದೂಗಿದರು, ಫೋಟೋ ತೆಗೆದರು, ಎಲ್ಲರಿಗಿಂತ ಸ್ವಚ್ಛವಾಗಿ ಅಳಿಸಿದವರಿಗೆ ಬೀರುವಿಗೆ ಬೀಗ ಹಾಕುವ ಮರ್ಯಾದೆ, ವಾರದಲ್ಲಿ ಐದು ದಿನವೂ ಶಂಕ್ರವ್ವನಿಗೇ, ತಾನು ನಿನ್ನೆ ಬರೆದದ್ದನ್ನು ಇವತ್ತು ತಿರುಗಿ ನೋಡಿದ ಮಗು ನಮ್ಮಲ್ಲಿ ಒಂದೂ ಇಲ್ಲ, ಇದು ನನಗೆ ಹೊಳೆದದ್ದು ನಿನ್ನೆ, ಮೂವತ್ತು ವರ್ಷ ಅಡುಗೆಕಟ್ಟೆಯನ್ನು ಒರೆಸಿ ಒರೆಸಿ, ಅಲ್ಲಿ ಯಾರೂ ಏನೂ ಬೇಯಿಸಿಯೇ ಇಲ್ಲ ಅನ್ನುವ ಹಾಗೆ ಇಟ್ಟು ಮಲಗಿದವಳಿಗೆ ಬೇರೆ ಉಪಾಯ ಎಲ್ಲಿಂದ ಹೊಳೆಯಬೇಕು.

ಮೊನ್ನೆ ಗುರುವಾರ ಇಲ್ಲೇ ಪರೀಕ್ಷೆ ಇತ್ತು, ಐದನೇ ಕ್ಲಾಸಿನ ಹಾಸ್ಟೆಲ್ ಸೀಟಿಗೆ, ಪೆನ್ಸಿಲ್ ಆದರೂ ನಡೆಯುತ್ತದೆ ಅಂದಿದ್ದರು, ಎಲ್ಲವನ್ನೂ ಬರೆದಳಂತೆ, ಬೇಗ ಮುಗಿಯಿತಂತೆ, ಇನ್ನೂ ಹತ್ತು ನಿಮಿಷ ಇತ್ತಂತೆ — ಅಳಿಸಿದಳು, ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ, ಹೆಸರೊಂದನ್ನು ಬಿಟ್ಟು, ಪುಡಿ ಗುಡಿಸಿ ಹಾಳೆ ಕೊಟ್ಟು ಬಂದಳು, ಬಸ್‌ಸ್ಟಾಪಿನಲ್ಲಿ, ಹೇಗೆ ಬರೆದೆ, ಅಂತ ನಾನು ಕೇಳಿದರೆ ಚಲೋ ಬರ್ದೀನ್ರಿ ಅಂದಳು, ಅದೂ ನಿಜವೇ, ನಿನ್ನೆ ವಾರಿಜಾ ಮೇಡಂ ಫೋನು ಮಾಡಿದರು, ನೀವು ಅಷ್ಟು ಹೊಗಳಿದ್ರಿ, ಬಿಳೀ ಹಾಳೆಗೆ ನಾನು ಹೇಗ್ರೀ ಮಾರ್ಕ್ಸ್ ಹಾಕ್ಲಿ, ಓಡಿಹೋಗಿ ಶೆಡ್ಡಿನ ಮುಂದೆ ಅವಳನ್ನು ಹಿಡಿದು ಕೇಳಿದೆ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು, ಹಿಂದ ಬರೋರಿಗೆ ಹಾಳಿ ಬೇಕಲ್ರೀ ಟೀಚರ್, ಅಂದಳು, ನನಗೇ ಇಷ್ಟು ಗೊತ್ತಿಲ್ಲವೇ ಎಂಬ ಹಾಗೆ, ನೀವೇ ಕಲಿಸಿದ್ದು ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು, ಇವತ್ತು ಬೆಳಿಗ್ಗೆ ಮೇಡಂ ಎದುರು ಕೂತು ನನ್ನ ಜಾಣತನವನ್ನೆಲ್ಲ ಹೇಳಿಕೊಂಡೆ, ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದೆ, ಒತ್ತಿ ಬರೆದ ಗುರುತು ಉಳಿದಿತ್ತು, ಅವರು ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು, ಇದನ್ನ ನೋಡಿ ಸೀಟು ಕೊಟ್ರೆ ನಾಳೆ ನನ್ನ ಕೇಳೋರು ಕೇಳ್ತಾರೆ ಮಂಗಳಾ ಅವ್ರೇ, ಬೇರೆ ಪೇಪರ್ ಕೊಡ್ತೀನಿ, ಒಂದು ಗಂಟೆ ಟೈಮು, ನನ್ನ ಎದುರಿಗೇ ಬರೀಲಿ, ಪೆನ್ನಲ್ಲಿ.

ಫೋನು ಅದುರಿತು, ನಮ್ಮ ಮನೆಯವರು, ಚಿಕ್ಕಲಸಂದ್ರದ ಅಂಗಡಿಯಿಂದ, ಏನಮ್ಮ ಸರ್ವಮಂಗಳಾ, ನಿನ್ನ ಯೂನಿವರ್ಸಿಟಿ ಎಷ್ಟೊತ್ತಿಗೆ ಬಿಡುತ್ತೆ, ಮಧ್ಯಾಹ್ನಕ್ಕೆ ಸಾರಿದ್ಯಾ, ಇಲ್ಲ ಹೋಟ್ಲಿಂದ ತರಿಸ್ಲಾ, ತರಿಸಿ, ಅಂದೆ, ಅಷ್ಟು ಸುಲಭವಾಗಿ ಅಂದದ್ದಕ್ಕೆ ಅವರು, ಹುಷಾರಾಗಿದ್ದೀಯಾ, ಅಂದರು, ಫೋನಿಟ್ಟೆ, ಅಷ್ಟರಲ್ಲಿ ಸಂದಿಯಲ್ಲಿ ಎಡಗೈ ಎದ್ದಿತು, ಮೇಜಿನ ಮೇಲೆ ತಡಕಾಡಿತು, ಆಚೆ, ಈಚೆ, ಏನು ಹುಡುಕುತ್ತಿದ್ದಾಳೆ — ರಬ್ಬರು, ಅಯ್ಯೋ ಕೂಸೇ, ಏನೋ ತಪ್ಪಾಗಿದೆ, ರಬ್ಬರು ಇಲ್ಲ, ಇದ್ದರೂ ಕೆಲಸಕ್ಕೆ ಬಾರದು, ಕೈ ಹಾಳೆಯ ಮೇಲೆ ಇಳಿಯಿತು, ಸರಸರ ಗುಡಿಸಿತು, ಕೇಂದ್ರದಲ್ಲಿ ಗುಡಿಸಿದ ಹಾಗೆಯೇ, ಒಂದು ಸಲ, ಎರಡು ಸಲ, ಆಮೇಲೆ ನಿಂತಿತು, ನಿಂತೇ ಇತ್ತು, ಜಡೆ ಹೊರಳಿತು, ಬಾಗಿಲ ಕಡೆ ತಿರುಗಿದಳು, ನಾನು ಎದ್ದೆ, ಏನು ಹೇಳಲು ಎದ್ದೆನೋ, ಮಂಗಳಾ ಅವ್ರೇ, ಕೂತ್ಕೊಳ್ಳಿ, ಒಳಗಿನಿಂದ ವಾರಿಜಾ ಮೇಡಂ ದನಿ, ಕೂತೆ, ಮಂಡಿ ಮತ್ತೆ ಲಟಕ್ಕೆಂದಿತು, ನೋಡಬಾರದು, ನೆಲ ನೋಡು, ಒದ್ದೆ ಅಂಚಿನಿಂದ ಆರುತ್ತಿದೆ, ನಡುವೆ ಒಂದು ಉದ್ದನೆಯ ತುಂಡು ಮಾತ್ರ ಉಳಿದಿದೆ, ಅದೂ ಆರಲಿ, ಅಲ್ಲಿಯವರೆಗೆ ತಲೆ ಎತ್ತಬಾರದು, ಹೊಸಕೋಟೆಯಲ್ಲಿ ಸಮುದಾಯ ಭವನ ಇರುತ್ತದೋ ಏನೋ, ಇದ್ದರೂ ಕೋಣೆ ಕೊಡುವವರು ಯಾರು, ಕೇಳುವವರು ಯಾರು, ಹೊಸ ಶಾಲೆ, ಹೊಸ ಕೊನೆಯ ಸಾಲು, ಅಷ್ಟಾದರೂ ಆದರೆ, ಕೂಸು ಅತ್ತರೆ ಎದ್ದು ಹೋಗಬೇಕು, ಮೂರು ವರ್ಷ ಪೂರ್ತಿ ಅಳಿಸಿಹೋಗಲು ಮೂರು ತಿಂಗಳು ಸಾಕು, ಗಂಟೆ ಹೊಡೆಯಿತು.

ಎದ್ದು ಬಾಗಿಲ ಬಳಿ ನಿಂತೆ, ವಾರಿಜಾ ಮೇಡಂ ಕೂತಲ್ಲೇ ತಿದ್ದಿದರು, ಕೆಂಪು ಪೆನ್ನಿನ ಕೈ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು, ಎರಡು ಕಡೆ ನಿಂತಿತು, ಒಂದು ಕಡೆ ವಾಪಸ್ಸು ಮೇಲಕ್ಕೆ ಹೋಯಿತು, ಆಮೇಲೆ ಬಾಗಿಲಿಗೆ ಬಂದು, ಚಿತ್ತುಕಾಟು ಇದೆ, ಒಂದು ಕಡೆ ಇಂಕೆಲ್ಲ ಒರೆಸಿ ಹಾಕಿದ್ದಾಳೆ, ಆದ್ರೆ ಲೆಕ್ಕ ಚೆನ್ನಾಗಿ ಮಾಡಿದ್ದಾಳೆ ಕಣ್ರೀ, ಸೋಮವಾರ ಹಾಸಿಗೆ, ತಟ್ಟೆ, ಲೋಟ ತಗೊಂಡು ಬರ್ಲಿ, ಅಂದರು, ಕೈ ಮುಗಿದೆ, ಸಂತೋಷ ಬರಬೇಕಿತ್ತು, ಬರುತ್ತದೆ, ಈಗ ಸುಸ್ತು ಮಾತ್ರ, ಯಲ್ಲಯ್ಯನಿಗೆ ಹೇಳಬೇಕು, ನಾಳೆ ಒಂದು ದಿನ ನಮ್ಮ ಮನೆಯಲ್ಲೇ ಇರಲಿ, ಹಳೆಯ ಜಮಖಾನ ಇದೆ, ಹೊಸ ತಟ್ಟೆ ಕೊಳ್ಳಬೇಕು, ನೋಟ್‌ಬುಕ್ಕಿನ ಮೇಲೆ ಹೆಸರು ಬರೆಸಬೇಕು, ಬೀರುವಿನಲ್ಲಿರುವ ಎಲ್ಲದರ ಮೇಲೂ — ಶಂಕ್ರವ್ವ ಹೊರಗೆ ಬಂದು ನನ್ನ ಪಕ್ಕ ನಿಂತಳು, ಮೇಡಂ ಹೇಳಿದ್ದು ಕೇಳಿಸಿದೆಯೋ ಇಲ್ಲವೋ, ಮುಖ ಬಾಡಿದೆ, ಟೀಚರ್ ರೀ, ಒಂದ್ ಲೆಕ್ಕ ತಪ್ಪಾತ್ರಿ, ಅಳ್ಸಿದ್ರ ಹೋಗ್ಲಿಲ್ರಿ, ಅದರ ಮ್ಯಾಲ ಗೆರಿ ಎಳ್ದು ಬಾಜೂಕ ಬರ್ದೀನ್ರಿ, ತಪ್ಪು ಹಂಗೇ ಕಾಣಸ್ತದ್ರಿ, ನಡೀತದೇನ್ರಿ, ಅಂದಳು, ಹೇಳಬೇಕು, ಬಾಯಿ ತೆರೆದೆ, ಅಷ್ಟರಲ್ಲೇ ಅವಳು, ನಳ ಎಲ್ಲದರಿ, ಕೈ ತೊಳ್ಕೊಂಡು ಬರ್ತೀನ್ರಿ, ಅಂತ ಎಡಗೈ ಬಿಚ್ಚಿದಳು, ಇಂಕು ಅಂಟಿದೆ, ಅಂಗೈಯ ನಡುವೆ, ಒರೆಸುವಾಗ ಹಾಳೆಯಿಂದ ಎದ್ದು ಬಂದ ಒಂದು ಅಂಕಿ, ಏಳು, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ಮಣಿಕಟ್ಟು ಹಿಡಿದುಕೊಂಡೆ, ಬಿಡಲಿಲ್ಲ, ಆ ಪುಟ್ಟ ಅಂಗೈ, ಏಳು, ಉಲ್ಟಾ ಏಳು, ನೀಲಿ.