ಅಂತರಪಟದ ತನಕ

"ಸುಡತೀಯೇನೋ ನನ್ನ ಮಗನ್ನ? ಇತ್ತ ತಾ ಅದನ್ನ!"

ಭೀಮವ್ವ ಮೇಜಿನ ಮೇಲಿದ್ದ ಮಗನ ಮದುವೆಯ ಸಿಡಿಯನ್ನು ಕಸಿದು ಸೆರಗಿನಲ್ಲಿ ಮುಚ್ಚಿಕೊಂಡಳು. ಯಾದಗಿರಿ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಫೋಟೊ ಅಂಗಡಿ ಇಟ್ಟ ಖಾಜಾಹುಸೇನ ಕಕ್ಕಾಬಿಕ್ಕಿಯಾದ. ಆಡು ಮುಟ್ಟದ ಸೊಪ್ಪಿಲ್ಲ, ಆ ಸುತ್ತಿನಲ್ಲಿ ಅವನು ವಿಡಿಯೊ ಹಿಡಿಯದ ಮದುವೆಯಿಲ್ಲ. ಆದರೆ ಇಂಥ ಬೈಗುಳ ತಿಂದಿರಲಿಲ್ಲ. ಮುದುಕಿ ಬಂದದ್ದು ಹಳೆಯದಾದ ಸಿಡಿಯ ಇನ್ನೊಂದು ಪ್ರತಿ ಮಾಡಿಸಲು; ಹಾಗೆ ಖಾಲಿ ಸಿಡಿಗೆ ಇಳಿಸುವುದಕ್ಕೆ ಅವನ ಕಸುಬಿನಲ್ಲಿ ಸುಡುವುದು ಅಂತಲೇ ಹೆಸರು. ಬಾಯಿತಪ್ಪಿ ಅದನ್ನೇ ಅಂದುಬಿಟ್ಟಿದ್ದ.

"ನಮ್ಮ ಮಂದ್ಯಾಗ ಸುಡಂಗಿಲ್ಲ. ಹೊಲದಾಗ ಮಣ್ಣು ಕೊಟ್ಟೀವಿ," ಎಂದಳು ಮುದುಕಿ.

"ನಮ್ಮಾಗೂ ಸುಡಂಗಿಲ್ಲ ಬಿಡವ್ವ. ಅದು ಮಶೀನಿನ ಮಾತು. ನಿನ್ನ ಸಿಡಿಗಿ ಏನೂ ಆಗಂಗಿಲ್ಲ."

ಸೊಸೆ ಶಿವಲೀಲಾ ಅತ್ತೆಯ ಸೆರಗಿನಿಂದ ಸಿಡಿ ಬಿಡಿಸಿ ಅವನ ಕೈಗಿಟ್ಟಳು. ಅವಳ ಗಂಡ ಮಲ್ಲು ಹೋಗಿ ಎರಡು ವರ್ಷ. ಬಳಿಚಕ್ರದ ರಸ್ತೆಯಲ್ಲಿ ಕುರಿ ದಾಟಿಸುವಾಗ ಲಾರಿ ಬಡಿದಿತ್ತು. ಅಂದಿನಿಂದ ಅವಳಿಗೆ ಅಳುವೂ ಇಲ್ಲ, ನಗುವೂ ಇಲ್ಲ. ಹೇಳಿದ್ದು ಮಾಡುತ್ತಾಳೆ, ಬಡಿಸಿದ್ದು ಉಣ್ಣುತ್ತಾಳೆ. ನಾಳೆ ವಡಗೇರಾದವನೊಬ್ಬನ ಜೊತೆ ಅವಳ ಉಡಕಿ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮದುವೆ ಮಾಡುವ ಆ ಕಾರ್ಯಕ್ಕೆ ಅತ್ತೆಯೇ ಮುಂದೆ ನಿಂತು ಗಂಡು ಹುಡುಕಿದ್ದಳು. ಶಿವಲೀಲಾ ಅದಕ್ಕೂ ಹೂಂ ಅಂದಿದ್ದಳು.

"ದೊಡ್ಡ ಸಿಡಿ ಇದು, ಎರಡು ಪದರಿಂದು. ಖಾಲಿ ಸಿಡಿ ಒಂದರಾಗ ಹಿಡಿಯಂಗಿಲ್ಲ. ಎರಡು ತುಂಡು ಮಾಡಬೇಕು," ಎಂದ ಖಾಜಾಹುಸೇನ.

"ಎರಡ್ಯಾಕ? ಒಂದ ಸಾಕು. ಅಂತರಪಟ ಸರಿಯೂತನಕ ಅಷ್ಟ ಹಾಕು. ನಾಳಿಗಿ ಈಕಿ ಹೆರವರ ಹೆಣ್ತಿ. ಹೆರವರ ಹೆಣ್ತಿ ನನ್ನ ಮಗನ ಮಗ್ಗಲಾಗ ಕುಂತಿದ್ದು ನಾ ಹ್ಯಾಂಗ ನೋಡ್ಲಿ?"

ಸಿಟ್ಟಿನ ಮಾತಲ್ಲ ಅದು. ಶಿವಲೀಲಾಗೆ ನೋಯಬೇಕಿತ್ತು; ಎಲ್ಲಿಯೂ ನೋಯಲಿಲ್ಲ. ಗೋಡೆಗೆ ತೂಗುಹಾಕಿದ ಯಾರದೋ ಜವಳದ ಫೋಟೊ ನೋಡುತ್ತ ನಿಂತಳು.

ಪರದೆಯ ಮೇಲೆ ಮಲ್ಲು ಅರಿಶಿಣ ಬಳಿಸಿಕೊಂಡ, ಬಾಸಿಂಗ ಕಟ್ಟಿಸಿಕೊಂಡ. ಅಂತರಪಟ ಹಿಡಿದರು. ಭೀಮವ್ವನ ಮನೆಯ ಸಿಡಿ ಮಶೀನು ಮೊದಲಿನಿಂದಲೂ ಇಲ್ಲಿಗೇ ಹಟ ಹಿಡಿದು ನಿಲ್ಲುತ್ತಿತ್ತು. ಸಿಡಿಯ ಮೊದಲ ಪದರು ಮುಗಿಯುವುದು ಇಲ್ಲಿಗೇ, ಎರಡನೆಯದನ್ನು ಓದಲು ಆ ಮಶೀನಿಗೆ ಬರುತ್ತಿರಲಿಲ್ಲ. ಮುಂದಿನದನ್ನು ಭೀಮವ್ವ ಒಮ್ಮೆಯೂ ನೋಡಿರಲಿಲ್ಲ. ಮದುವೆಯ ದಿನವೂ ನೋಡಿರಲಿಲ್ಲ. ಗಂಡನಿಲ್ಲದವಳು ತಾನೆಂದು ತಾನೇ ಹಂದರದ ಹಿಂದೆ, ಕಂಬದ ಮರೆಗೆ ನಿಂತಿದ್ದಳು.

ಖಾಜಾಹುಸೇನ ಚಿತ್ರ ನಿಲ್ಲಿಸಿದ. "ಇಲ್ಲಿಗೆ ತುಂಡು ಮಾಡ್ಲಾ?"

"ಹೂಂ," ಎಂದಳು ಭೀಮವ್ವ.

"ಇನ್ನ ಜರಾ ಮುಂದ ಬಿಡ್ರಿ."

ಅಂದವಳು ಶಿವಲೀಲಾ. ಬೆಳಗಿನಿಂದ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಅತ್ತೆ ತಿರುಗಿ ನೋಡಿದಳು, ಬೇಡ ಅನ್ನಲಿಲ್ಲ.

ಅಂತರಪಟ ಸರಿಯಿತು. ತಲೆ ಬಗ್ಗಿಸಿ ಕುಂತ ಮದುಮಗಳು ಕಂಡಳು. ಅಕ್ಕಿಕಾಳು ಬಿದ್ದವು. ಮಲ್ಲು ಮದುಮಗಳ ಕಡೆ ನೋಡಲೇ ಇಲ್ಲ. ಕತ್ತು ಉದ್ದ ಮಾಡಿ, ಮಂದಿಯ ತಲೆಗಳ ಆಚೆ ಏನನ್ನೋ ಹುಡುಕಿದ. ಕಂಡ ಮೇಲೆ ಹಲ್ಲು ಬಿಟ್ಟು ನಕ್ಕ.

"ಯವ್ವಾ, ಅಲ್ಲ್ಯಾಕ ನಿಂತಿ? ಮುಂದ ಬಾ."

ಭಜಂತ್ರಿಯ ಗದ್ದಲದಲ್ಲಿ ಅಂದು ಈ ಮಾತು ಕಂಬದ ತನಕ ಮುಟ್ಟಿರಲಿಲ್ಲ. ಎದುರಿಗೆ ಕುಂತ ಶಿವಲೀಲಾಗೆ, ಹತ್ತಿರವಿದ್ದ ಕ್ಯಾಮೆರಾಕ್ಕೆ ಮಾತ್ರ ಕೇಳಿತ್ತು.

ಖಾಜಾಹುಸೇನ ಮೆಲ್ಲಗೆ ಕೇಳಿದ, "ಇದೂ ಸೇರಿಸ್ಲಾ ಅವ್ವಾ? ಇದ್ರಾಗ ನಿನ್ನ ಸೊಸಿ ಅದಾಳ."

ಭೀಮವ್ವ ಸ್ಟೂಲಿನಿಂದ ಎದ್ದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಶಿವಲೀಲಾಳ ಮುಂಗೈ ಹಿಡಿದುಕೊಂಡು ಮುಂದೆ ಬಂದು ಪರದೆಯ ಎದುರಿಗೆ ನಿಂತಳು.