ಡೆರ್ಲಿಸ್‌ನ ಅಂಗಿಯ ಬತ್ತಿ

ಅಪೆಪುತಿ ಊರಿನಲ್ಲಿ ಸತ್ತವರ ಮುಂದಿಟ್ಟ ದೀಪ ತಾನಾಗಿ ಆರಿತೆಂದರೆ, ಅದರ ಅರ್ಥವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೀಪ ಹಚ್ಚಿದವರನ್ನು ಕಂಡು ಸತ್ತವರು ಮುಖ ತಿರುಗಿಸಿಕೊಂಡಿದ್ದಾರೆ, ಅಷ್ಟೇ. ನಿಮಿಯಾ ಹಚ್ಚಿದ ದೀಪ ಆಗಲೇ ಎರಡು ಸಂಜೆ ಆರಿತ್ತು.

ಅವಳ ಗಂಡ ಡೆರ್ಲಿಸ್ ಮೀನು ಹಿಡಿಯಲು ಹೋಗಿ ಹೊಳೆಯ ಪಾಲಾಗಿದ್ದ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಂಬತ್ತು ಸಂಜೆ ಜಪ ನಡೆಯಬೇಕು. ಮುಂದಿನ ಕೋಣೆಯ ಗೋಡೆಗೆ ಬಿಳಿ ದುಪ್ಪಟಿ ಕಟ್ಟಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪೀಠದ ಮೇಲೆ ಶಿಲುಬೆ, ಅದರ ಕೆಳಗೆ ಡೆರ್ಲಿಸ್‌ನ ಪಟ. ಪಟದ ಮುಂದಿನ ದೀಪವನ್ನು ಹೆಂಡತಿಯೇ ಹಚ್ಚಬೇಕು. ಅದರ ಬತ್ತಿಯೂ ಸತ್ತವರು ತೊಟ್ಟ ಬಟ್ಟೆಯದೇ ಆಗಬೇಕು. ಇಲ್ಲದಿದ್ದರೆ ಕತ್ತಲಲ್ಲಿ ಬರುವ ಜೀವಕ್ಕೆ ತನ್ನ ದೀಪ ಯಾವುದೆಂದು ಗುರುತು ಸಿಗುವುದಿಲ್ಲ ಎಂದು ಅತ್ತೆ ತೆಯೋಫಿಲಾ ಹೇಳಿದ್ದಳು. ಅವಳಿಗೆ ಅವಳ ಅತ್ತೆ ಹೇಳಿದ್ದು.

ನಿಮಿಯಾ ಗಂಡನಿಗೆ ಪ್ರಾಣದಂತಿದ್ದ ಫುಟ್‌ಬಾಲ್ ಅಂಗಿಯನ್ನೇ ಸೀಳಿ ಬತ್ತಿ ಹೊಸೆದಳು. ತಗಡಿನ ಪುಟ್ಟ ಬಟ್ಟಲುಗಳಲ್ಲಿ ಬತ್ತಿ ನಿಲ್ಲಿಸಿ, ಸೋಯಾ ಮೇಣ ಕರಗಿಸಿ ಹೊಯ್ದಳು. ಹಿಂದೆ ಹುಳಿಕಿತ್ತಳೆಯ ಸಿಪ್ಪೆಗೆ ದನದ ಕೊಬ್ಬು ತುಂಬಿ ದೀಪ ಮಾಡುತ್ತಿದ್ದರು. ಈಗ ಊರ ಸುತ್ತ ಎಲ್ಲಿ ನೋಡಿದರೂ ಸೋಯಾ ಹೊಲ, ಹೆಂಗಸರ ಕೈಯಲ್ಲೂ ಸೋಯಾ ಮೇಣವೇ.

ಮೂರನೆಯ ಸಂಜೆ ಜಪ ಅರ್ಧಕ್ಕೆ ಬಂದಿತ್ತು. ನೆಟ್ಟಗೆ ನಿಂತಿದ್ದ ಜ್ವಾಲೆ ಇದ್ದಕ್ಕಿದ್ದಂತೆ ನಿಮಿಯಾಳ ಕಡೆ ವಾಲಿತು. ಕಿಟಕಿ ಮುಚ್ಚಿತ್ತು, ಗಾಳಿಯ ಸುಳಿವಿರಲಿಲ್ಲ. ದೀಪದೊಳಗಿಂದ "ಪ್ಸ್ಸ್" ಎಂದು ಸದ್ದು ಬಂತು. ಡೆರ್ಲಿಸ್ ಬೇಲಿಯಾಚೆ ನಿಂತು ಅವಳನ್ನು ಕರೆಯುತ್ತಿದ್ದುದೇ ಹಾಗೆ. ಕಪ್ಪು ಹೊಗೆಯ ಎಳೆಯೊಂದು ಮೇಲೆದ್ದು ಪಟದ ಗಾಜಿನ ಮೇಲೆ ಹರಡಿ, ಮೊದಲು ಅವನ ಬಾಯಿಯನ್ನು ಮುಚ್ಚಿತು, ಆಮೇಲೆ ಕಣ್ಣುಗಳನ್ನು. ದೀಪ ಆರಿತು.

ಜಪ ನಿಂತುಹೋಯಿತು. ಒಬ್ಬೊಬ್ಬರಾಗಿ ಹೆಂಗಸರು ಎದ್ದು ಹೊರಟರು.

"ನೋಡಿದ್ಯಾ? ಮೂರನೇ ಸಲ!" ಎಂದಳು ತೆಯೋಫಿಲಾ. "ಅವತ್ತು ಬೆಳಿಗ್ಗೆ ಜಗಳ ಆಡಿ ಕಳಿಸ್ದೆಯಲ್ಲ ಅವನ್ನ. ನಿನ್ ಕೈ ದೀಪ ಅವನಿಗೆ ಬೇಡ."

"ದೋಣಿ ಸೋರುತ್ತೆ, ಹೋಗ್ಬೇಡ ಅಂತ ಜಗಳ ಆಡ್ದೆ ಅತ್ತೆ..."

"ಅದೆಲ್ಲ ನಂಗೆ ಹೇಳ್ಬೇಡ. ಒಂಬತ್ತನೇ ಸಂಜೇನೂ ದೀಪ ಆರಿದ್ರೆ, ಬಟ್ಟೆ ಗಂಟು ಕಟ್ಕೊಂಡು ನಿನ್ನಣ್ಣನ ಮನೆಗೆ ನಡಿ. ನನ್ ಮಗನಿಗೆ ಬೇಡದೋಳು ನನ್ ಮನೇಲಿ ಯಾಕಿರ್ಬೇಕು?"

ಅತ್ತೆಯ ಮಾತಿಗಿಂತ ನಿಮಿಯಾಳನ್ನು ಸುಟ್ಟದ್ದು ಬೇರೆ. ಡೆರ್ಲಿಸ್ ನಿಜಕ್ಕೂ ಮುನಿದಿದ್ದಾನೆಂದು ಅವಳೂ ನಂಬಿಬಿಟ್ಟಿದ್ದಳು.

ಎಲ್ಲರೂ ಹೋದರೂ ಕ್ರಿಸ್ಪಿನಾ ಮಾತ್ರ ಹೋಗಲಿಲ್ಲ. ಹೆಂಗಸರ ಸಂಘದಲ್ಲಿ ಮೇಣದ ದೀಪ ಮಾಡುವುದನ್ನು ಕಲಿಸುವವಳು ಅವಳೇ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಆರಿದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವಿಚಿದಳು.

"ಥೂ! ಇದೇನು, ಬಕೆಟ್ ಸುಟ್ಟ ಹಾಗೆ ವಾಸನೆ? ಬತ್ತಿ ಯಾವುದರದ್ದು ನಿಮಿಯಾ?"

"ಅವರ ಫುಟ್‌ಬಾಲ್ ಅಂಗೀದು ಅಕ್ಕ."

"ಅಯ್ಯೋ ಪೆದ್ದೀ! ಅದು ಬಟ್ಟೆ ಅಲ್ಲ, ಪ್ಲಾಸ್ಟಿಕ್ಕು."

"ನಮ್ಮ ಮಾವನಿಗೂ ಅವರಂಗೀದೇ ಬತ್ತಿ ಇಟ್ಟಿದ್ವಿ," ಎಂದು ತೆಯೋಫಿಲಾ ರೇಗಿದಳು. "ಬೆಳಗಾಗೋವರೆಗೂ ಉರೀತು. ಸತ್ತೋರ ವಿಷ್ಯದಲ್ಲಿ ನಿನ್ ಸಂಘದ ಪಾಠ ಬೇಡ."

"ನಿಮ್ಮ ಮಾವನ ಕಾಲ್ದಲ್ಲಿ ನೈಲಾನ್ ಅಂಗಿ ಎಲ್ಲಿತ್ತು ಅಮ್ಮಾ? ಅದು ಕೈಮಗ್ಗದ ಹತ್ತಿ. ಇಲ್ಲಿ ನೋಡಿ."

ಕ್ರಿಸ್ಪಿನಾ ಫುಟ್‌ಬಾಲ್ ಅಂಗಿಯಿಂದ ಒಂದೆಳೆ ಕಿತ್ತು ಒಲೆಯ ಕೆಂಡಕ್ಕೆ ತಾಗಿಸಿದಳು. ಅದು ಮುದುರಿ ಕರಗಿ, ಕರೀ ಮಣಿಯ ಹಾಗೆ ಗಟ್ಟಿಯಾಯಿತು. ತನ್ನ ಹತ್ತಿ ಸೆರಗಿನಿಂದ ಇನ್ನೊಂದೆಳೆ ಕಿತ್ತಳು. ಅದು ಸುಮ್ಮನೆ ಉರಿದು ಬೂದಿಯಾಯಿತು.

"ಬತ್ತಿ ಅಂದ್ರೆ ಮೇಣ ಕುಡಿಯೋ ಬಾಯಿ. ಹತ್ತಿ ಕುಡಿಯುತ್ತೆ, ಇದು ಕುಡಿಯಲ್ಲ. ತಾನೇ ಕರಗಿ, ಚಟಗುಟ್ಟಿ, ಹೊಗೆ ಕಕ್ಕಿ ಸಾಯುತ್ತೆ. ಪ್ಸ್ಸ್ ಅಂದಿದ್ದು ಅದೇ."

"ಬಟ್ಟೆ ಅವನದೇ ಆಗ್ಬೇಕು," ಎಂದಳು ತೆಯೋಫಿಲಾ. ಹಿಡಿದ ಮೊಲಕ್ಕೆ ಮೂರೇ ಕಾಲು.

"ಆಗ್ಲಿ. ಹತ್ತೀದು ಯಾವ್ದಾದ್ರೂ ಇದ್ರೆ ಕೊಡಿ."

ಮುದುಕಿ ಮಗನ ಮದುವೆಯ ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟಳು.

ಮರುದಿನ ಮೂರು ಬಟ್ಟಲು ಹೊಯ್ದರು. ಒಂದರ ಬತ್ತಿಯನ್ನು ತೆಯೋಫಿಲಾ ತಾನೇ ಹೊಸೆದಳು. ಕಿತ್ತಳೆ ಸಿಪ್ಪೆಯ ಕಾಲದ ಅಭ್ಯಾಸ, ಬತ್ತಿ ಕಿರುಬೆರಳಿನಷ್ಟು ದಪ್ಪವಾಯಿತು. ಇನ್ನೊಂದಕ್ಕೆ ನಿಮಿಯಾ ಹೊಲಿಗೆಯ ದಾರದಂಥ ಎರಡೆಳೆ ಹಾಕಿದಳು. ಮೂರನೆಯದಕ್ಕೆ ಕ್ರಿಸ್ಪಿನಾ ಅಂಗಿಯ ಎಳೆಗಳನ್ನು ಬಿಡಿಸಿ, ಜಡೆ ಹೆಣೆದ ಹಾಗೆ ಬಿಗಿಯಾಗಿ ಹೆಣೆದು, ಕರಗಿದ ಮೇಣದಲ್ಲಿ ಅದ್ದಿ, ನೆಟ್ಟಗೆ ಎಳೆದು ಒಣಗಿಸಿದಳು. ಬುಡಕ್ಕೆ ತಗಡಿನ ಪುಟ್ಟ ಬಿಲ್ಲೆ ಸಿಕ್ಕಿಸಿ ಬಟ್ಟಲಿನ ನಟ್ಟನಡುವೆ ಕೂರಿಸಿದಳು.

"ಸೋಯಾ ಮೇಣ ಕೆಲವು ದಿನ ಕೂತ್ರೇನೇ ಹದವಾಗೋದು. ನಮಗೆ ಪುರುಸೊತ್ತಿಲ್ಲ, ಎರಡು ದಿನ ಆದ್ರೂ ಬಿಡೋಣ," ಎಂದಳು.

ಎರಡು ದಿನ ಕಳೆದು, ಅಂಗಳದಲ್ಲಿ ಹಾಡುಹಗಲೇ ಮೂರನ್ನೂ ಕಲ್ಲಿನ ಮೇಲಿಟ್ಟು ಹಚ್ಚಿದರು. ನಿಮಿಯಾಳ ಸಣ್ಣ ಬತ್ತಿ ನಡುವೆ ಒಂದು ಕುಳಿ ತೋಡಿಕೊಂಡು, ತಾನು ಕರಗಿಸಿದ ಮೇಣದಲ್ಲೇ ಮುಳುಗಿ ಆರಿತು. ಅತ್ತೆಯ ದಪ್ಪ ಬತ್ತಿ ಗೇಣುದ್ದ ಎದ್ದು ನಿಂತಿತು. ತುದಿಯಲ್ಲಿ ಅಣಬೆಯಂಥ ಕರೀ ಗಂಟು ಕಟ್ಟಿತು. ಬಿಸಿಲಿನಲ್ಲೂ ಗೋಡೆಯ ಮೇಲೆ ಅದರ ನೆರಳು ಮನುಷ್ಯನೊಬ್ಬ ತೋಳೆತ್ತಿದಂತೆ ಆಡಿತು. ಮೂವರೂ ಒಂದು ಗಳಿಗೆ ಅದನ್ನೇ ನೋಡಿದರು. ಅಷ್ಟರಲ್ಲಿ ಬಟ್ಟಲಿನ ಮೇಣವಿಡೀ ಕುದಿಯತೊಡಗಿತು. ತೆಯೋಫಿಲಾ ನೀರಿನ ತಂಬಿಗೆ ಎತ್ತಿದಳು.

"ನೀರು ಹಾಕ್ಬೇಡಿ! ಬೆಂಕಿ ಮುಖಕ್ಕೇ ಹಾರುತ್ತೆ!" ಎಂದು ಕ್ರಿಸ್ಪಿನಾ ಪಾತ್ರೆಯ ಮುಚ್ಚಳ ಕವುಚಿದಳು. ಜ್ವಾಲೆ ಸತ್ತಿತು. "ಇದನ್ನ ಆ ದುಪ್ಪಟಿ ಪಕ್ಕ ಇಟ್ಟಿದ್ರೆ ಇನ್ನೊಂದು ಜಪಕ್ಕೆ ಕೂರ್ಬೇಕಾಗ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಅಮ್ಮಾ, ಬಟ್ಟಲಿದ್ದಷ್ಟೇ ಬತ್ತಿ."

ಮೂರನೆಯದು ಬೆಂಕಿಕಡ್ಡಿಯಷ್ಟೇ ದಪ್ಪ. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ ಉರಿಯಿತು. ಮೇಣ ನಿಧಾನವಾಗಿ ಬಟ್ಟಲಿನ ಅಂಚಿನವರೆಗೂ ಒಂದೇ ಸಮನೆ ಕರಗಿತು. ಒಂಬತ್ತನೆಯ ಸಂಜೆಗೆಂದು ಅಂಥದೇ ಇನ್ನೊಂದನ್ನು ಅಂದೇ ಹೊಯ್ದಿಟ್ಟರು.

ನಡುವಿನ ಸಂಜೆಗಳಲ್ಲಿ ಪಟದ ಮುಂದೆ ದೀಪವಿಡದೆಯೇ ಜಪ ನಡೆದಿತ್ತು. ಒಂಬತ್ತನೆಯ ಸಂಜೆ ಕೋಣೆ ತುಂಬ ಜನ. ಅರ್ಧ ಜನ ಜಪಕ್ಕೆ ಬಂದಿದ್ದರು, ಅರ್ಧ ಜನ ಸೊಸೆ ಮನೆಯಿಂದ ಹೋಗುವುದನ್ನು ನೋಡಲು. ನಿಮಿಯಾ ದೀಪ ಹಚ್ಚಿದಳು. ಜಪ ಮುಗಿಯಿತು. ಪದ್ಧತಿಯಂತೆ ಉಳಿದ ದೀಪಗಳನ್ನು ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಆರಿಸಿದರು. ಕತ್ತಲು ಕೋಣೆಯಲ್ಲಿ ಅದೊಂದೇ ದೀಪ ಉಳಿಯಿತು. ಅದು ಅಲುಗಲೇ ಇಲ್ಲ.

ಜನ ಚದುರಿದ ಮೇಲೂ ತೆಯೋಫಿಲಾ ಕಿವಿಗೊಟ್ಟು ಕೂತೇ ಇದ್ದಳು.

"ಏನೂ ಸದ್ದಿಲ್ಲ," ಎಂದಳು ಕೊನೆಗೆ. "ಕೋಪಕ್ಕಾದ್ರೂ ಬರ್ತಿದ್ದಾನೆ ಅಂದ್ಕೊಂಡಿದ್ದೆ ಕಣೇ. ಅದು ಬರೀ ನೈಲಾನ್ ಆಗಿದ್ರೆ... ಅವನು ಬಂದೇ ಇರ್ಲಿಲ್ವಾ?"

ನಿಮಿಯಾ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆ ಮುದಿ ಕೈಯನ್ನು ಹಿಡಿದುಕೊಂಡಳು. ಇಷ್ಟು ದಿನ ತಡೆದಿದ್ದ ಅಳು ಇಬ್ಬರಿಗೂ ಒಟ್ಟಿಗೇ ಬಂತು.

"ಬಂದ್ರೋ ಇಲ್ವೋ ನಂಗೊತ್ತಿಲ್ಲ ಅತ್ತೆ. ಬಂದ್ರೆ ದಾರಿ ಕಾಣ್ಲಿ ಅಂತ ದೀಪ ಇಡೋದಷ್ಟೇ ನಮ್ ಕೆಲ್ಸ."

ತೆಯೋಫಿಲಾ ಸೆರಗಿನಿಂದ ಮೊದಲು ಸೊಸೆಯ ಕಣ್ಣೊರೆಸಿದಳು, ಆಮೇಲೆ ತನ್ನದು. "ನೀನು ಎಲ್ಲೂ ಹೋಗ್ಬೇಡ," ಎಂದಳು. "ನೀನೂ ಹೋದ್ರೆ ಈ ಮನೇಲಿ ಅವನ ಹೆಸರು ಹೇಳೋಕೆ ನಂಗೆ ಯಾರಿದ್ದಾರೆ?"

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಸೋಯಾ ಮೇಣದ ಪುಟ್ಟ ದೀಪ ಮಾಡುವುದಾದರೆ ಬತ್ತಿಯ ಕಡೆ ಮೊದಲು ಗಮನ ಕೊಡಿ. ಹೆಣೆದ ಶುದ್ಧ ಹತ್ತಿಯ ಬತ್ತಿಯನ್ನೇ ಬಳಸಿ. ಬುಡಕ್ಕೆ ಬಿಲ್ಲೆಯಿರುವ ಸಿದ್ಧ ಬತ್ತಿ ಸಿಕ್ಕರೆ ಇನ್ನೂ ಒಳ್ಳೆಯದು. ಅನುಮಾನ ಬಂದರೆ ಒಂದೆಳೆ ಸುಟ್ಟು ನೋಡಿ, ಮಣಿ ಕಟ್ಟಿದರೆ ಎಸೆಯಿರಿ. ದೀಪ ಮುಳುಗಿ ಆರಿದರೆ ಬತ್ತಿ ಸಣ್ಣದಾಯಿತು, ಹೊಗೆಯಾಡಿ ಎತ್ತರಕ್ಕೆ ಉರಿದರೆ ದಪ್ಪವಾಯಿತು. ಮೇಣ ಬದಲಿಸಿದರೂ ಬಟ್ಟಲು ಬದಲಿಸಿದರೂ ಮತ್ತೊಮ್ಮೆ ಪರೀಕ್ಷೆ ಮಾಡಿ. ಹಚ್ಚುವ ಮೊದಲು ಬತ್ತಿಯ ತುದಿಯನ್ನು ಅಕ್ಕಿಕಾಳಿನಷ್ಟೇ ಉಳಿಸಿ ಕತ್ತರಿಸಿ. ಉರಿಯುವ ದೀಪವನ್ನು ಪರದೆಯಿಂದ ದೂರವಿಡಿ, ಅದನ್ನು ಬಿಟ್ಟು ಹೋಗಬೇಡಿ. ಬೆಂಕಿ ಎದ್ದರೆ ಮುಚ್ಚಳ ಕವುಚಿ, ನೀರು ಬೇಡವೇ ಬೇಡ.

ಇಷ್ಟಾದ ಮೇಲೂ ದೀಪ ಆರಿದರೆ ಬಟ್ಟಲಿನೊಳಗೆ ನೋಡಿ. ಅದನ್ನು ಹಚ್ಚಿದವಳ ಮುಖ ನೋಡಬೇಡಿ.