ಬಿದ್ದವರನ್ನು ಎಬ್ಬಿಸುವ ಆಟ

ಗಿರಣಿಯ ಪಟ್ಟಾ ತಟ್ ತಟ್ ಎಂದು ಸಾವಕಾಶ ನಿಂತಿತು, ಕರೆಂಟು ಹೋಯಿತು, ಉಡಚವ್ವನ ಜೋಳ ಗಿರಣಿಯ ಬಾಯಲ್ಲಿ ಅರ್ಧ ಉಳಿಯಿತು, ಗಾಳಿಯಲ್ಲಿದ್ದ ಹಿಟ್ಟು ಈಗ ಕೆಳಗಿಳಿಯುತ್ತಿದೆ, ಗುರುಸಂಗಪ್ಪನ ತೋಳಿನ ಮೇಲೆ, ಡಬ್ಬಿಗಳ ಮೇಲೆ, ತಕ್ಕಡಿಯ ಪಕ್ಕ ಬೋರಲಾಗಿ ಇಟ್ಟ ಮೊಬೈಲಿನ ಮೇಲೆ — ಸಪ್ಪಳ ನಿಂತರೆ ಕಿವಿ ಇಷ್ಟು ಖಾಲಿಯಾಗುತ್ತದೆಂದು ಅವನಿಗೆ ಹೋದ ವಾರದವರೆಗೆ ಗೊತ್ತಿರಲಿಲ್ಲ, ಹೋದ ವಾರದವರೆಗೆ ಆ ಕಿವಿಯಲ್ಲಿ ಜಬೀನ ಇದ್ದಳು. ಅಣ್ಣಾರ, ಊಟ ಆತ್ರಿ? ಮೊಬೈಲಿನ ಆಟದಲ್ಲಿ ವಿಮಾನದಿಂದ ಜಿಗಿಯುವ ಮೊದಲು, ಬಂದೂಕು ಹುಡುಕುವ ಮೊದಲು, ದಿನಾ ಅದೇ ಮಾತು, ಆತ್ ತಂಗಿ, ನಿಂದು, ನಂದೂ ಆತ್ರಿ, ನಡ್ರಿ ಇನ್ನ ಸಾಯೂಣು — ಹಾಗೆಂದು ನಗುತ್ತಿದ್ದಳು, ನಗುವಿನ ಹಿಂದೆ ಅವಳ ಹೊಲಿಗೆ ಮಷೀನು ಟರ್ರೆನ್ನುತ್ತಿತ್ತು, ನರಗುಂದದ ಯಾವುದೋ ಓಣಿಯಲ್ಲಿ ಯಾರದೋ ಜಂಪರು ಹೊಲಿಯುವ ನಡುವೆ ಆಡುವವಳು, ಮುಖ ನೋಡಿದವನಲ್ಲ ಅವನು, ದನಿಯೊಂದೇ. ಆಟ ಇಬ್ಬರನ್ನು ಜೊತೆ ಮಾಡಿದ ಮೊದಲ ದಿನ ಅವಳೇ ಚೀರಿದ್ದು, ಅಣ್ಣಾರ ಹೆಲಿಕಾಪ್ಟರ್ ಬಂತು, ಅಡಗ್ರಿ ಅಡಗ್ರಿ, ಹೆಲಿಕಾಪ್ಟರಲ್ಲ ತಂಗಿ, ಇದು ನನ್ನ ಹಿಟ್ಟಿನ ಗಿರಣಿ, ಗಜೇಂದ್ರಗಡದಾಗ ಐತಿ, ಯವ್ವಾ ನಾ ಸುಮ್ನ ಗಿಡದ ಮರಿಗೆ ಕುಂತಿದ್ನಲ್ರಿ! ಅವತ್ತು ಅವನು ಎಷ್ಟು ನಕ್ಕನೆಂದರೆ ಹಿಟ್ಟು ತುಂಬುತ್ತಿದ್ದ ಡಬ್ಬಿ ಉಕ್ಕಿ ನೆಲಕ್ಕೆ ಸುರಿಯಿತು.

ಚಲೋ ಆತ್ ಬಿಡೋ ಗುರುಸಂಗಾ, ಹೊಸ್ತಿಲ ಮೇಲೆ ಕುಳಿತ ಉಡಚವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅನ್ನುತ್ತಿದ್ದಾಳೆ, ಆ ಸುಡಗಾಡ ಆಟ ಬಿಟ್ಟೆಂತಲ್ಲ, ಮಂದೀನ ಕೊಲ್ಲೂ ಆಟ ದಿನಾ ಆಡಿದ್ರ ಮನಶ್ಯಾಗ ಸಿಟ್ಟು ಬರದ ಇನ್ನೇನ ಬರತೈತಿ. ಸಿಟ್ಟು ನನಗ ಹುಟ್ಟಾ ಬಂದೈತಬೇ, ಫೋನಿನ್ಯಾಗಿಂದ ಬಂದಿಲ್ಲ, ಎಂದ ಅವನು, ದನಿ ತಾನಾಗಿ ಏರಿತು, ನೋಡ ಮತ್ತ, ಎಂದಳು ಅವಳು, ಹಿಟ್ಟಾದ ಮ್ಯಾಲೆ ಒದರಪಾ, ಎಂದು ಸೀರೆ ಕೊಡವಿ ಎದ್ದು ಹೋದಳು. ಅವಳಿಗೆ ಏನೆಂದು ಹೇಳುವುದು, ಹೆಂಡತಿ ಶೇಖವ್ವ ತನ್ನ ತವರೂರು ಸೂಡಿಗೆ ಹೋದ ದಿನ, ಅವನು ಊಟದ ಗಂಗಾಳ ಬೀಸಿ ಒಗೆದ ದಿನ, ಅವನ ಕೈಯಲ್ಲಿ ಯಾವ ಆಟವಿತ್ತು, ಆಗ ಅವನ ಬಳಿ ಒತ್ತುವ ಗುಂಡಿಯ ಫೋನಿತ್ತು, ಗಂಗಾಳ ಗೋಡೆಗೆ ಬಡಿದದ್ದು ಖರೇ, ಅವಳ ಹಣೆಗೆ ತಾಗಬಹುದಿತ್ತು ಎಂಬುದೂ ಖರೇ, ಆದರೆ ಈ ಆಟದಲ್ಲಿ ಅವನು ಒಮ್ಮೆಯೂ ಹಲ್ಲು ಕಚ್ಚಿದವನಲ್ಲ. ಟಿವಿಯಲ್ಲಿ ಕೋಟು ಹಾಕಿದವರು ಹೇಳುತ್ತಾರೆ ಇಂಥ ಆಟದಿಂದ ಜನ ಕ್ರೂರಿಗಳಾಗುತ್ತಾರೆಂದು, ಅವರು ಆಡಿದ್ದಾರೆಯೇ, ಗುಂಡು ಬಿದ್ದವನು ಕೂಡಲೇ ಸಾಯುವುದಿಲ್ಲ ಇಲ್ಲಿ, ಮೊಣಕಾಲೂರಿ ತೆವಳುತ್ತಾನೆ, ಜೊತೆಗಾರ ಗುಂಡಿನ ನಡುವೆ ಓಡಿ ಬಂದು ಪಕ್ಕದಲ್ಲಿ ಕುಳಿತು ಎಬ್ಬಿಸಬೇಕು, ಎಬ್ಬಿಸುವಾಗ ತಾನೂ ಹೊಡೆಸಿಕೊಳ್ಳಬಹುದು, ಆದರೂ ಬರುತ್ತಾರೆ — ರೋಣದ ರಸ್ತೆಯಲ್ಲಿ ಅವನು ಬೈಕಿನಿಂದ ಬಿದ್ದಾಗ ಮಂದಿ ನಿಂತು ನೋಡಿದರು, ಒಬ್ಬ ಫೋಟೋ ತೆಗೆದ. ಜಬೀನ ಬರುತ್ತಿದ್ದಳು, ಅಣ್ಣಾರ ಸರೀಬ್ಯಾಡ್ರಿ, ಅಲ್ಲೇ ಇರ್ರಿ, ಬಂದೆ, ಬಂದೆ.

ಬಹಿಷ್ಕಾರವೆಂದರೆ ಅವನಿಗೆ ಹುಡುಗಾಟವಲ್ಲ. ನೀರಿನ ಹೋರಾಟಕ್ಕೆ ನರಗುಂದದ ಟೆಂಟಿನಲ್ಲಿ ಕುಳಿತು ಬಂದವನು, ಬಂದ್ ಅಂದ ದಿನ ಹಬ್ಬವಿದ್ದರೂ ಗಿರಣಿ ತೆರೆದವನಲ್ಲ, ಹಾಲಿನ ಗುತ್ತಿಗೆದಾರ ಅಳತೆಯಲ್ಲಿ ಮೋಸ ಮಾಡಿದಾಗ ಓಣಿಗೆ ಓಣಿಯೇ ಹಾಲು ಹಾಕುವುದನ್ನು ಬಿಟ್ಟಿತು, ವಾರದೊಳಗೆ ಅವನು ಕ್ಯಾನು ಖಾಲಿ ಹಿಡಿದುಕೊಂಡು ಬಂದು ಕೈ ಮುಗಿದ, ಆ ಕ್ಯಾನಿನ ಸಪ್ಪಳ ಅವನಿಗೂ ಕೇಳಿತ್ತು, ನಮಗೂ ಕೇಳಿತ್ತು, ಬಹಿಷ್ಕಾರವೆಂದರೆ ಅದು. ಆದರೆ ಈ ಆಟದ ಕಂಪನಿ ಯಾವ ಸಮುದ್ರದಾಚೆ ಇದೆಯೋ, ಅದು ನಕಾಶೆಯಲ್ಲಿ ನಮ್ಮ ಗಡಿಯನ್ನು ತಪ್ಪು ಬರೆದದ್ದು ತಪ್ಪೇ, ಕ್ಷಮೆ ಕೇಳದೆ ಉಳಿದದ್ದು ಸೊಕ್ಕೇ, ಅವನ ಮೈ ಉರಿದದ್ದೂ ಸುಳ್ಳಲ್ಲ, ಆದರೆ ಗಜೇಂದ್ರಗಡದ ಗಿರಣಿಯವನೊಬ್ಬ ಆಟ ಬಿಟ್ಟ ಎಂಬುದು ಅಲ್ಲಿ ಯಾವ ಕ್ಯಾನಿನಲ್ಲಿ ಕೇಳುತ್ತದೆ, ಕಂಪನಿಗೆ ಗೊತ್ತಾಗಿಲ್ಲ, ಗೊತ್ತಾದದ್ದು ಒಬ್ಬಳಿಗೆ, ಅವಳು ನಕಾಶೆ ಬರೆದವಳಲ್ಲ. ಹೋದ ವಾರ ಬೀಜ ಗೊಬ್ಬರದ ಅಂಗಡಿಯ ಕೊಟ್ರೇಶ ಓಡಿ ಬಂದಿದ್ದ, ಕಾಕಾ ಲಗೂ ಬರ್ರಿ, ಸರ್ಕಲ್ಲಿನ್ಯಾಗ ಎಲ್ಲಾರೂ ಕೂಡ್ಯಾರ, ನಮ್ಮ ದೇಶದ ತಲೀನ ಕತ್ತರಿಸ್ಯಾರ್ರಿ ಆ ನಕಾಶದಾಗ, ಅವನು ಇಯರ್‌ಫೋನು ಕೊರಳಿಗೆ ಎಳೆದು ಫೋನು ಕೈಯಲ್ಲಿ ಹಿಡಿದೇ ಓಡಿದ್ದ, ಅಲ್ಲಿ ಮೂವತ್ತು ನಲವತ್ತು ಮಂದಿ, ಘೋಷಣೆ ಜೋರು, ಫೋನಿನಿಂದ ಆಟ ಅಳಿಸುವ ಸರದಿ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅಲ್ಲಿಗೆ ನೆತ್ತಿಗೇರಿತು. ಬಾಯಿಲೆ ದೇಶ ದೇಶ ಅಂತೀರಿ, ಬೆರಳ ನಡಗತಾವೇನಲೇ, ತಗೋರಿ, ನಂದ ಮೊದಲ! ಕೈ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ಅಳಿಸಿದ, ಚಪ್ಪಾಳೆ ಬಿತ್ತು, ಕೊಟ್ರೇಶ ಹೆಗಲ ಮೇಲೆ ಎತ್ತಲು ಬಂದ, ಏ ಬಿಡಲೇ ಮೈತುಂಬ ಹಿಟ್ಟೈತಿ — ಎಷ್ಟು ವರ್ಷದ ಮೇಲೆ ಊರು ಅವನ ಹೆಸರು ಕೂಗಿತು, ಕೂಗಿ ಚಹಾ ಕುಡಿದು ಮನೆಗೆ ಹೋಯಿತು, ಮರುದಿನ ಹಿಟ್ಟು ಒಯ್ಯಲು ಬಂದವರು ಹಿಟ್ಟು ಒಯ್ದರು, ಊಟ ಆತೇನೆಂದು ಒಬ್ಬರೂ ಕೇಳಲಿಲ್ಲ.

ನಿನ್ನೆ ಗಿರಣಿ ಬೇಗ ಮುಚ್ಚಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದ, ನರಗುಂದದ ಬಸ್ಸು ನಿಂತಿತ್ತು, ಮೆಟ್ಟಿಲ ಮೇಲೆ ಕಾಲಿಟ್ಟ. ಹೋಗಿ ಏನು ಕೇಳುವುದು, ಜಂಪರ ಹೊಲಿಯೂ ಜಬೀನನ ಮನಿ ಯಾವ್ದ್ರಿ, ಯಾರ್ರಿ ನೀವು, ಅಕಿಗೆ ಏನಾಗಬೇಕು? ಏನೂ ಆಗಬೇಕಿಲ್ಲ, ದಿನಾ ಮಧ್ಯಾಹ್ನ ಜೊತೆಗೇ ಸಾಯುತ್ತಿದ್ದೆವು ಎನ್ನಬೇಕೇ, ಐವತ್ತರ ಗಂಡಸು, ಹಣೆಯ ಮೇಲೆ ವಿಭೂತಿ, ಅವಳ ಓಣಿಯಲ್ಲಿ, ಈಗಿನ ದಿನಗಳಲ್ಲಿ, ಅಣ್ಣಾರ ಅತ್ತಿ ಬಂದ್ರು ಎಂದು ಪಿಸುಗುಟ್ಟಿ ಮೈಕು ಮುಚ್ಚುತ್ತಿದ್ದವಳ ಬಾಗಿಲಲ್ಲಿ ಇವನು ನಿಂತರೆ ಅವಳ ಗತಿಯೇನು, ಹತ್ತತೀರೇನ್ರಿ ಯಜಮಾನ್ರ, ಎಂದ ಕಂಡಕ್ಟರ್, ಇವನು ಕಾಲು ಕೆಳಗಿಟ್ಟ. ಈಗ ಎದ್ದು ಬಾಗಿಲ ಒಂದು ಕದ ಮುಂದಕ್ಕೆ ಎಳೆದಿದ್ದಾನೆ, ಆಡಿದ ಮಾತಿಗೆ ತಪ್ಪಿದವನಲ್ಲ ಇವನು, ತಪ್ಪುತ್ತಿದ್ದಾನೆ, ಹೆಬ್ಬೆರಳು ಒತ್ತಿದೆ, ಆಟ ಇಳಿಯುತ್ತಿದೆ, ಯಾರಾದರೂ ನೋಡಿದರೆ ನೋಡಲಿ, ಕಂಪನಿಗಾಗಿ ಅಲ್ಲ, ಒಂದು ಮಾತು ಹೇಳಿ ಮತ್ತೆ ಅಳಿಸುತ್ತೇನೆ, ತಂಗಿ ನಾ ಬೇಕಂತ ಮಾಡಲಿಲ್ಲ, ಅಷ್ಟೇ — ತೆರೆಯಿತು, ಹಳೆಯದೇನೂ ಇಲ್ಲ, ಗೆಳೆಯರ ಪಟ್ಟಿಯಲ್ಲಿ ಒಬ್ಬರಿಲ್ಲ, ಕಾಕಾ ನೀ ಗೆಸ್ಟ್ ಆಗಿ ಆಡಾಕತ್ತಿ, ಅಳಿಸಿದ್ರ ಎಲ್ಲಾ ಹೋಗತೈತಿ, ಅಕೌಂಟ್ ಮಾಡಿಕೊಡ್ಲೇನು, ಎಂದು ಆಟ ಹಾಕಿಕೊಟ್ಟ ಅಣ್ಣನ ಮಗಳು ಪೂಜಾ ಕೇಳಿದ್ದಳಲ್ಲ, ಹೋದ್ರ ಹೋಗ್ಲೇಳು ಎಂದು ಗದರಿದ್ದನಲ್ಲ. ಹೆಸರು ಬರೆಯಿರಿ ಎನ್ನುತ್ತಿದೆ, ಹಳೆಯ ಹೆಸರನ್ನೇ ಬರೆದ, ಗಿರಣಿ ಅಣ್ಣ, ಅವಳೇ ಇಟ್ಟದ್ದು, ಅದನ್ನು ಕಂಡರೆ ಅವಳು ಗುರುತು ಹಿಡಿದಾಳು, ಕೆಂಪಗೆ ಒಂದು ಸಾಲು ಮೂಡಿತು, ಈ ಹೆಸರು ಈಗಾಗಲೇ ಬೇರೆಯವರದಾಗಿದೆ. ಯಾರದು, ಯಾರದಲೇ, ನಂದ ಐತಿ ಅದು, ಎಂದು ಖಾಲಿ ಗಿರಣಿಯಲ್ಲಿ ಒದರಿದ, ಮತ್ತೆ ಒತ್ತಿದ, ಮತ್ತೆ ಕೆಂಪು, ಆ ಬೇರೆಯವನು ತಾನೇ, ಹೋದ ವಾರದ ತಾನು, ಹಾಗಾದರೆ ಅವಳ ಪಟ್ಟಿಯಲ್ಲಿ ಗಿರಣಿ ಅಣ್ಣ ಇನ್ನೂ ಇದ್ದಾನೆ, ದೀಪವಾರಿದ ಹೆಸರಾಗಿ, ಅವಳು ಕಾಯುತ್ತಿರಬಹುದು, ಕೊಟ್ರೇಶ ಓಡಿ ಬಂದಾಗ ಅವರಿಬ್ಬರು ಆಟದ ಆ ಒಣ ಹುಲ್ಲಿನ ಬಯಲಲ್ಲಿದ್ದರು, ಅವಳಿಗೆ ಗುಂಡು ಬಿದ್ದಿತ್ತು, ನಿಲ್ಲ ತಂಗಿ ಬಂದೆ ಎಂದಿದ್ದ ಇವನು, ಸರ್ಕಲ್ಲಿನಲ್ಲಿ ಕೈ ಮೇಲೆತ್ತಿದಾಗ ಕೊರಳಲ್ಲಿ ಜೋತ ಇಯರ್‌ಫೋನಿನಿಂದ ಸಣ್ಣಗೆ ಕೇಳುತ್ತಲೇ ಇತ್ತು, ಅಣ್ಣಾರ ಎಬ್ಬಸ್ರಿ, ಅಣ್ಣಾರ ಎಲ್ಲದೀರಿ, ಆಟದೊಳಗಿನ ಅವಳ ಹಸಿರು ಅಂಗಿ, ಮೊಣಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ಅವನಿದ್ದ ಕಡೆಗೆ ತೆವಳುತ್ತ, ಒಣ ಹುಲ್ಲು, ಹಸಿರು ಅಂಗಿ, ಮೊಣಕಾಲು, ತೆವಳುತ್ತ, ಅವನಿದ್ದ ಕಡೆಗೆ —